ಮೂರನೇ ಮಹಡಿಯ ಹಸಿರು ಬಾಗಿಲು

ಇಪ್ಪತ್ತೆರಡು ವರ್ಷ ನಾನು ಲಿಫ್ಟ್ ಕಂಪನಿಯೊಂದರ ದೂರಿನ ಕೌಂಟರಿನಲ್ಲಿ ಕೂತು, ಬಂದವರ ದೂರು ಕೇಳುವ, ಫೋನ್ ಎತ್ತುವ ಕೆಲಸ ಮಾಡಿದೆ. ಲಿಫ್ಟ್ ಮಧ್ಯದಲ್ಲಿ ನಿಂತಿದೆ, ಬಾಗಿಲು ಬ್ಯಾಗು ಕಚ್ಚಿಕೊಂಡಿದೆ, ಒಳಗಿನ ದೀಪ ಕಣ್ಣು ಮಿಟುಕಿಸುತ್ತಿದೆ, ಹೀಗೆ ಎಲ್ಲವೂ ಮೊದಲು ನನ್ನ ಕಿವಿಗೆ ಬಿದ್ದು ಆಮೇಲೆ ಮೆಕ್ಯಾನಿಕ್ಕುಗಳ ಕಿವಿಗೆ ಹೋಗುತ್ತಿದ್ದವು. ಆ ಮೆಕ್ಯಾನಿಕ್ಕುಗಳಲ್ಲೇ ಒಬ್ಬರನ್ನು ಮದುವೆಯಾದೆ. ಈಗ ಅವರ ದೂರುಗಳನ್ನೂ ನಾನೇ ಕೇಳುತ್ತೇನೆ.

ಆ ಕೆಲಸದಲ್ಲಿ ಎರಡು ಸಂಗತಿ ಕಲಿತೆ. ಜನ ಹೇಳುವ ದೂರೇ ಬೇರೆ, ಅವರಿಗಿರುವ ತೊಂದರೆಯೇ ಬೇರೆ. ‘ಲಿಫ್ಟ್ ಅಲ್ಲಾಡುತ್ತೆ’ ಎಂದು ವಾರಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಹೆಂಗಸಿಗೆ ಬೇಕಾಗಿದ್ದುದು ಮಾತಾಡಲು ಒಂದು ಜೀವ, ಅಷ್ಟೇ. ಇನ್ನೊಂದು ಸಂಗತಿ ಗುಂಡಿಯದು. ನಾವು ಕೂರಿಸಿದ ಲಿಫ್ಟುಗಳಲ್ಲಿ ‘ಬಾಗಿಲು ಮುಚ್ಚು’ ಎಂಬ ಗುಂಡಿಗೆ ವೈರೇ ಇರುತ್ತಿರಲಿಲ್ಲ. ಬಾಗಿಲು ತನ್ನ ಪಾಡಿಗೆ ತಾನು ಆರು ಸೆಕೆಂಡಿಗೆ ಮುಚ್ಚುತ್ತಿತ್ತು. ಜನ ಒತ್ತುತ್ತಿದ್ದರು, ಸಮಾಧಾನಪಡುತ್ತಿದ್ದರು. ಏಳನೇ ಮಹಡಿಯ ಹಿರಿಯರೊಬ್ಬರು ಆ ಗುಂಡಿ ಸವೆದಿದೆ, ಹೊಸದು ಹಾಕಿ ಎಂದು ದಿನಾ ಪೀಡಿಸಿದಾಗ, ತಲೆಕೆಟ್ಟು ನಿಜ ಹೇಳಿಬಿಟ್ಟೆ. ಅವರು ಅವತ್ತಿನಿಂದ ಮೆಟ್ಟಿಲು ಹತ್ತತೊಡಗಿದರು. “ಗುಂಡಿಯೇ ಸುಳ್ಳಾದ್ಮೇಲೆ ಹಗ್ಗ ನಿಜ ಅಂತ ಹೇಗಮ್ಮ ನಂಬ್ಲಿ?” ಅಂದಿದ್ದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ.

ಕಂಪನಿ ಮುಚ್ಚಿದ ಮೇಲೆ, ಐವತ್ತೊಂದನೇ ವಯಸ್ಸಿನಲ್ಲಿ, ದೂರು ಬರೆದುಕೊಳ್ಳಲು ನನ್ನನ್ನು ಕರೆದದ್ದು ವಿಡಿಯೋ ಗೇಮ್ ಮಾಡುವ ಕಂಪನಿ. “ನನಗೆ ಆಟ ಬರಲ್ಲವಲ್ಲ” ಅಂದೆ. “ಬರದಿದ್ರೇ ಒಳ್ಳೇದು, ಎದುರು ವಾದಿಸಲ್ಲ” ಅಂದರು.

ಅವರದು ಒಂದೇ ಆಟ. ಪಾಳುಬಿದ್ದ ಹಳೆಯ ಗಿರಣಿ, ಅದಕ್ಕೆ ಮೂರು ಮಹಡಿ, ಒಳಗೆ ಐದೈದು ಜನರ ಎರಡು ತಂಡ. ಬಂದೂಕು ಹಿಡಿದು ಹುಡುಕಾಡಿ ಹೊಡೆದಾಡುವುದು. ಇದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ, ದಿನಕ್ಕೆ ಹನ್ನೆರಡು ಗಂಟೆ ಆಡುತ್ತಾರೆ. ಅಂಥ ಆರು ಜನರನ್ನು ತಿಂಗಳ ಮೊದಲ ಸೋಮವಾರ ನಮ್ಮ ಪರೀಕ್ಷಾ ಕೋಣೆಗೆ ಕರೆಸುತ್ತಾರೆ. ಕಪ್ಪು ಪರದೆ, ಕಾದ ಪ್ಲಾಸ್ಟಿಕ್ಕಿನ ವಾಸನೆ, ಮೂಳೆ ಕೊರೆಯುವ ಏಸಿ. ನಾನು ಬೂದು ಸ್ವೆಟರ್ ಹಾಕಿಕೊಂಡು, ಕುರ್ಚಿಯ ಬೆನ್ನಿಗೆ ನನ್ನ ನೀಲಿ ಚೀಲ ನೇತುಹಾಕಿ, ಗೆರೆ ಹಾಕಿದ ಪುಸ್ತಕದಲ್ಲಿ ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ಆಫೀಸಿನವರು ನನ್ನನ್ನು ಕರೆಯುವುದೇ ದೂರಮ್ಮ ಎಂದು.

ಬರೆದ ಚೀಟಿಗಳಿಗೆ ನನ್ನ ಮೇಜಿನ ಮೇಲೆ ಮೂರು ಟ್ರೇಗಳಿವೆ. ಒಂದು ‘ಆಗುತ್ತೆ’, ಒಂದು ‘ನೋಡೋಣ’, ಇನ್ನೊಂದು ‘ಹೂಂ’. ಹೂಂ ಅಂದರೆ ಕೇಳಿಸಿಕೊಂಡೆವು, ಅಷ್ಟೇ. ನೂರಕ್ಕೆ ತೊಂಬತ್ತು ಚೀಟಿ ಬೀಳುವುದು ಅಲ್ಲಿಗೇ. ಅದನ್ನು ತೀರ್ಮಾನಿಸುವವನು ತಕ್ಕಡಿ. ಯಾವ ಬಂದೂಕಿಗೆ ಎಷ್ಟು ಬಲ, ಯಾರ ಓಟಕ್ಕೆ ಎಷ್ಟು ವೇಗ ಎಂದು ತೂಗಿಡುವುದು ಅವನ ಕೆಲಸ, ಹಾಗಾಗಿ ಆ ಹೆಸರು.

“ಇವರು ಹೇಳಿದ್ದು ಕೇಳಿ ನೀನು ಆಟ ಬದಲಾಯಿಸ್ತೀಯೇನಪ್ಪಾ?” ಎಂದು ಸೇರಿದ ಹೊಸದರಲ್ಲಿ ಕೇಳಿದ್ದೆ.

“ಆರು ಜನ ಹೇಳೋದನ್ನ ಕೇಳ್ಲಾ ದೂರಮ್ಮ, ಅರವತ್ತು ಲಕ್ಷ ಜನ ಆಡೋದನ್ನ ನೋಡ್ಲಾ? ಆದ್ರೆ ಹಾಗಂತ ಅವ್ರ ಮುಂದೆ ಬಾಯಿಬಿಡಬೇಡಿ. ಅವ್ರ ಫೋಟೋಗಳು ನಮ್ಮ ಗೋಡೆ ಮೇಲಿವೆ.”

ಅದಕ್ಕೊಂದು ಉಪಾಯ ಇವರ ಹತ್ತಿರ ಮೊದಲಿನಿಂದಲೇ ಇತ್ತು. ಆಟದಲ್ಲಿ ಏನೇನು ತಿದ್ದಿದ್ದೇವೆ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಅದರಲ್ಲಿ ಬಂದ ಆರು ಜನಕ್ಕೆ ತಲಾ ಒಂದು ಸಾಲು. ಏನೂ ತಿದ್ದಿರದಿದ್ದರೂ ಒಂದು ಸಾಲು. ‘ಕಿಟಕಿಯಿಂದ ಜಿಗಿಯುವಾಗಿನ ತೂಕ ಸರಿಪಡಿಸಲಾಗಿದೆ.’ ಮುಂದಿನ ತಿಂಗಳು ಆ ಆಟಗಾರ ಬಂದು, “ನೋಡಿದ್ರಾ, ಈಗ ಎಷ್ಟು ಚೆನ್ನಾಗಿದೆ!” ಅನ್ನುತ್ತಿದ್ದ. ಆಫೀಸಿನಲ್ಲಿ ಅದಕ್ಕೆ ಸಮಾಧಾನದ ಸಾಲು ಎಂದು ಹೆಸರು. ಬರೆಯುವವಳು ನಾನು. ವೈರಿಲ್ಲದ ಗುಂಡಿ ನನಗೆ ಹೊಸದಲ್ಲವಲ್ಲ.

ಗುಬ್ಬಿ ಎಂಬ ಆಟಗಾರ ಬಂದದ್ದು ಹೋದ ವರ್ಷ. ಆರಡಿ ಆಳು, ಬಾಗಿಲಲ್ಲಿ ನಿಂತರೆ ಬೆಳಕೇ ಮರೆಯಾಗುತ್ತದೆ. ಗುಬ್ಬಿ ಎಂಬ ಹೆಸರನ್ನು ಯಾರು ಇಟ್ಟರೋ ಅವರಿಗೆ ಒಳ್ಳೆಯ ಹಾಸ್ಯಪ್ರಜ್ಞೆ. ವಯಸ್ಸು ಇಪ್ಪತ್ತಾರು, ಆ ವೃತ್ತಿಯಲ್ಲಿ ಮುದುಕ. ಎಂಟು ವರ್ಷದಿಂದ ಈ ಒಂದೇ ಆಟ ಆಡಿ ಬೆಳೆದವನು. ಐದು ವಾರದಲ್ಲಿ ದೊಡ್ಡ ಟೂರ್ನಿಯಿತ್ತು. ಅವನ ತಂಡದಲ್ಲಿ ಆರು ಜನ, ಆಡುವವರು ಐದು. ಕೈಬಿಡುವುದಾದರೆ ಅವನನ್ನೇ ಎಂಬ ಮಾತು ಅವನ ಕಿವಿಗೂ ಬಿದ್ದಿತ್ತು.

ಆಟ ಮುಗಿದ ಮೇಲೆ ಐದು ಜನ ಎದ್ದು ಹೋದರು. ಅವನು ಕುರ್ಚಿ ತಿರುಗಿಸಿ ನನ್ನ ಎದುರು ಕೂತ.

“ಆಂಟಿ, ನಾವು ಹೇಳಿದ್ದು ನಿಜವಾಗ್ಲೂ ಆಟದೊಳಕ್ಕೆ ಹೋಗುತ್ತಾ?”

“ನಾನು ಬರ್ಕೋತಿರೋದು ಕಾಣಲ್ವಾ?”

“ಬರ್ಕೊಳೋದು ಕಾಣುತ್ತೆ. ಅದಾದ್ಮೇಲೆ?”

“ನೀನು ಹೇಳು. ಹೇಳದಿದ್ರೆ ಯಾವುದು ತಾನೇ ಎಲ್ಲಿಗೆ ಹೋಗುತ್ತೆ?”

ಅವನು ಪರದೆಯತ್ತ ಬೆರಳು ತೋರಿಸಿದ. “ಮೂರನೇ ಮಹಡಿ ಮೆಟ್ಟಿಲು ಹತ್ತಿದ ತಕ್ಷಣ ಎದುರಿಗೆ ಒಂದು ಹಸಿರು ಬಾಗಿಲಿದೆ. ಅದು ತಡ. ಒತ್ತಿದ್ರೆ ಒಂದು ರೆಪ್ಪೆ ಹೊಡೆಯೋಷ್ಟು ತಡವಾಗಿ ತೆಗೆಯುತ್ತೆ. ಅಷ್ಟರಲ್ಲಿ ನಾನು ಸತ್ತಿರ್ತೀನಿ. ಬಾಗಿಲು ತಡಾನೋ, ನನ್ನ ಕೈ ತಡಾನೋ, ಅದೊಂದು ಗೊತ್ತಾಗಬೇಕು ಆಂಟಿ.”

ಹೀಗೆ ಹೇಳುವಾಗ ಅವನು ಎಡಗೈಯಿಂದ ತನ್ನ ಬಲ ಮಣಿಕಟ್ಟನ್ನು ಹಿಡಿದುಕೊಂಡಿದ್ದ. ಅದು ನನ್ನ ಕಣ್ಣಿಗೆ ಬಿತ್ತು. ಆದರೂ ಬಾಗಿಲಿನ ಬಗ್ಗೆಯೇ ಬರೆದುಕೊಂಡೆ. ಆ ತಪ್ಪು ನನ್ನದು.

ಪಟ್ಟಿ ಹೊರಟಿತು. ಅದರಲ್ಲಿ ಗುಬ್ಬಿಯ ಸಾಲು: ‘ಮೂರನೇ ಮಹಡಿಯ ಹಸಿರು ಬಾಗಿಲು ಈಗ ತಡವಿಲ್ಲದೆ ತೆರೆಯುತ್ತದೆ.’

ಮೂರನೇ ದಿನದಿಂದ ಪತ್ರಗಳು ಬರತೊಡಗಿದವು. ಬೈಗುಳಕ್ಕೆ ಒಗ್ಗಿಹೋದ ನನಗೆ ಅವತ್ತು ಬಂದ ಹನ್ನೆರಡು ಸಾವಿರ ಪತ್ರದಲ್ಲಿ ಒಂದೇ ಮಾತು: ಹಸಿರು ಬಾಗಿಲು ಸರಿ ಮಾಡಿದ್ದಕ್ಕೆ ಥ್ಯಾಂಕ್ಸ್. ಒಬ್ಬ ‘ವರ್ಷಗಳಿಂದ ಕಾಯುತ್ತಿದ್ದೆ’ ಎಂದು ಬರೆದಿದ್ದ. ಇನ್ನೊಬ್ಬ ‘ಈಗ ಮನಸ್ಸು ಹಗುರಾಯಿತು’ ಎಂದಿದ್ದ. ಒಂದು ಬಾಗಿಲಿಗೆ ಇಷ್ಟೊಂದು ಮಾತೇ ಎಂದು ಅನ್ನಿಸಿತು, ಆದರೆ ಖುಷಿಯೂ ಆಯಿತು.

ಮಧ್ಯಾಹ್ನ ತಕ್ಕಡಿ ನನ್ನ ಮೇಜಿನ ಹತ್ತಿರ ಬಂದು ನಿಂತ. ಕೈಯಲ್ಲಿದ್ದ ಟೀ ಆರಿಹೋಗಿತ್ತು.

“ದೂರಮ್ಮ, ಯಾವ ಹಸಿರು ಬಾಗಿಲು?”

“ಮೂರನೇ ಮಹಡೀದು. ಮೆಟ್ಟಿಲ ಎದುರಿಂದು.”

“ಬನ್ನಿ ಇಲ್ಲಿ.”

ಅವನು ತನ್ನ ಪರದೆಯ ಮೇಲೆ ಆಟ ತೆರೆದು, ಗಿರಣಿಯ ಮೆಟ್ಟಿಲುಗಳನ್ನು ಹತ್ತಿ ಮೂರನೇ ಮಹಡಿಗೆ ಬಂದು ನಿಂತ. ಎದುರಿಗಿದ್ದುದು ಗೋಡೆ. ಗಾರೆ ಕಿತ್ತ, ಒದ್ದೆ ಕಲೆಯಿರುವ, ಬರೀ ಗೋಡೆ. ದಾರಿ ಎಡಕ್ಕೆ ತಿರುಗುತ್ತಿತ್ತು.

“ಬಾಗಿಲಿಲ್ಲ. ಯಾವತ್ತೂ ಇರ್ಲಿಲ್ಲ. ಇಡೀ ಆಟದಲ್ಲಿ ಹಸಿರು ಬಣ್ಣದ ಬಾಗಿಲೇ ಇಲ್ಲ. ನಾನೇ ಹುಡುಕ್ದೆ.”

ನನಗೆ ಮುಖ ಬಿಸಿಯಾಯಿತು. ಆಟ ಬರದವಳು ನಾನು, ನೋಡದೆ ಬರೆದಿದ್ದೆ. “ಹೋಗ್ಲಿ ಬಿಡಪ್ಪ, ತಪ್ಪಾಯ್ತು. ಆ ಹನ್ನೆರಡು ಸಾವಿರ ಜನಾನೂ ನನ್ನ ಥರಾನೇ ನೋಡದೆ ಬರ್ದಿರ್ತಾರೆ.”

“ನೋಡದೇನೇ? ಇದು ನೋಡಿ.”

ಗಿರಣಿಯ ನಕ್ಷೆ ತೆರೆದ. ಆಟಗಾರರು ಹೆಚ್ಚು ಹೊತ್ತು ನಿಲ್ಲುವ ಜಾಗ ಆ ನಕ್ಷೆಯಲ್ಲಿ ಕೆಂಪಾಗುತ್ತದೆ. ಹೋದ ತಿಂಗಳ ನಕ್ಷೆಯಲ್ಲಿ ಮೂರನೇ ಮಹಡಿಯ ಗೋಡೆಯ ಮುಂದೆ ಏನೂ ಇರಲಿಲ್ಲ. ಈ ವಾರದ್ದರಲ್ಲಿ, ಗೋಡೆಯ ಮುಂದೆ, ಗಾಯದ ಹಾಗೆ ಕೆಂಪು.

“ಬರ್ತಾರೆ, ನಿಲ್ತಾರೆ. ನಾಲ್ಕು ಸೆಕೆಂಡು ಒಂದು ಗುಂಡೀನೂ ಒತ್ತಲ್ಲ. ಆಮೇಲೆ ಎಲ್ಲಿಂದಲೋ ಹೊರಗೆ ಬಂದೋರ ಹಾಗೆ ತಿರುಗಿ ಹೋಗ್ತಾರೆ. ಈಗ ಇದೊಂದು ನೋಡಿ.”

ಯಾರೋ ಆಡಿದ ಆಟದ ದಾಖಲೆ. ಗೋಡೆಯ ಮುಂದೆ ಒಬ್ಬ ನಿಂತಿದ್ದಾನೆ. ಹಿಂದಿನಿಂದ ಎದುರು ತಂಡದವನು ಬಂದ. ಬೆನ್ನಿಗೆ ಬಂದೂಕಿಟ್ಟು ಹೊಡೆಯಬೇಕಾದವನು ಬಂದೂಕು ಇಳಿಸಿದ. ಅವನ ಹಿಂದೆ ಮತ್ತೊಬ್ಬ ಬಂದ, ಅವನೂ ನಿಂತ. ಮೂವರೂ ಒಬ್ಬರ ಹಿಂದೊಬ್ಬರು.

“ಏನ್ ಮಾಡ್ತಿದಾರೆ ಇವ್ರು?” ತಕ್ಕಡಿ ಕೇಳಿದ.

ನಾನು ಜೀವಮಾನವೆಲ್ಲ ನೋಡಿದ್ದು ಅದನ್ನೇ ಆದ್ದರಿಂದ ನನಗೆ ತಕ್ಷಣ ಗೊತ್ತಾಯಿತು.

“ಸರದಿಯಪ್ಪಾ. ಕೌಂಟರಿನ ಮುಂದೆ ಸರದಿ ನಿಂತಿದಾರೆ.”

ಆ ವಾರಗಳಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಒಂದು ಪೆನ್ನು ನನಗೆ ಎರಡು ತಿಂಗಳು ಬರುತ್ತದೆ. ಈಗ ಮೂರು ದಿನಕ್ಕೇ ಖಾಲಿ. ಪುಸ್ತಕ ನೋಡಿದರೆ ಬಿಳಿ ಹಾಳೆ. ನಡುಬೆರಳಿನ ಮೇಲೆ ಪೆನ್ನು ಒತ್ತಿ ಒತ್ತಿ ಆಗುವ ಗಂಟು ಕೆಂಪಗೆ ಊದಿಕೊಂಡಿತ್ತು. ಅಗ್ಗದ ಪೆನ್ನು ಎಂದುಕೊಂಡು ಸುಮ್ಮನಾದೆ.

ಗುಬ್ಬಿ ಮಾತ್ರ ಹೊಸ ಜೀವ ಬಂದವನಂತೆ ಆಡುತ್ತಿದ್ದ. ಐವರ ತಂಡಕ್ಕೆ ಅವನ ಹೆಸರು ಬಂತು. ಫೋನ್ ಮಾಡಿ, “ಕೈ ಅಲ್ಲ ಆಂಟಿ, ಬಾಗಿಲೇ!” ಎಂದು ನಕ್ಕ. ನಾನು “ಹೂಂ” ಅಂದೆ. ಬೇರೇನು ಹೇಳಲಿ?

ಟೂರ್ನಿಗೆ ಐದು ದಿನವಿರುವಾಗ ತಕ್ಕಡಿ ಬಂದು, ಮೂರನೇ ಮಹಡಿಗೆ ಬೀಗ ಹಾಕುತ್ತೇನೆ ಅಂದ. ಮೆಟ್ಟಿಲ ಬುಡದಲ್ಲೇ ಕಬ್ಬಿಣದ ಗೇಟು.

“ಟೂರ್ನಿ ಮುಗಿಯೋವರೆಗೆ ತಡಿಯೋ.”

“ಹೇಗೆ ತಡೀಲಿ? ಹತ್ತು ಸಾವಿರ ಜನ ದೊಡ್ಡ ಪರದೇಲಿ ನೋಡ್ತಾರೆ. ಆಡೋರೆಲ್ಲ ಹೋಗಿ ಗೋಡೆ ಮುಂದೆ ಸಾಲಾಗಿ ನಿಂತ್ರೆ ನಮ್ಮ ಮಾನ ಹೋಗಲ್ವಾ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಗುಬ್ಬಿ ಅವತ್ತು ಗೇಟಿನ ಮುಂದೆ ಬಂದು ನಿಂತರೆ? ಬಾಗಿಲೇ ಇರಲಿಲ್ಲವೆಂದು ಆಟದ ನಡುವೆ ತಿಳಿದರೆ, ಅವನ ಪಾಲಿಗೆ ಉಳಿಯುವುದು ಒಂದೇ ಉತ್ತರ: ತಡವಾಗಿದ್ದು ಕೈ. ಅದು ಅಲ್ಲಿ, ಅಷ್ಟು ಜನರೆದುರು ತಿಳಿಯಬೇಕೇ?

ಮನೆಯಲ್ಲಿ ಯಜಮಾನರು ಬೆಳಗಿನ ಕಾಫಿ ಹಿಡಿದು ಎಲ್ಲ ಕೇಳಿಸಿಕೊಂಡರು. ಅವರು ಕೈಕೆಲಸದ ಮನುಷ್ಯ, ದೆವ್ವ ಭೂತ ನಂಬುವವರಲ್ಲ.

“ನಾನೊಂದು ನಿನಗೆ ಹೇಳಿಲ್ಲ ಕಣೇ. ಆ ಏಳನೇ ಮಹಡಿ ಮುದುಕಪ್ಪನ ಲಿಫ್ಟಲ್ಲಿ ಗುಂಡಿ ಒತ್ತಿದ್ರೆ ಬಾಗಿಲು ತಕ್ಷಣ ಮುಚ್ಚೋದು. ನಾನೇ ಬಿಚ್ಚಿ ನೋಡಿದೀನಿ, ಹಿಂದೆ ವೈರಿರಲಿಲ್ಲ. ಮತ್ತೆ ಹಾಕಿದೆ, ಒತ್ತಿದೆ, ಮುಚ್ಚಿತು.”

“ಆಮೇಲೆ?”

“ಆಮೇಲೇನು? ನೀನು ಆ ಮನುಷ್ಯನಿಗೆ ನಿಜ ಹೇಳಿದ್ಮೇಲೆ ನಿಂತುಹೋಯ್ತು.” ಕಪ್ಪಿನ ತಳ ನೋಡುತ್ತಾ ಅಂದರು, “ಹೋಗಿ ಮಾತಾಡ್ಸು. ಆದ್ರೆ ಈ ಸಲ ಬಾಗಿಲ ವಿಷಯ ಮಾತಾಡಬೇಡ.”

ತಂಡದವರು ಅಭ್ಯಾಸ ಮಾಡುವ ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಮೇಲೆ ಮಲಗುವ ಮಂಚಗಳು, ಕೆಳಗೆ ಮೇಜುಗಳು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ ಹಗಲನ್ನು ಹೊರಗಿಟ್ಟಿದ್ದರು. ಊಟದ ಹೊತ್ತಾದ್ದರಿಂದ ಗುಬ್ಬಿ ಒಬ್ಬನೇ ಇದ್ದ. ಯಜಮಾನರ ಮಾತು ನೆನಪಿದ್ದರೂ ಬಾಯಿ ತಪ್ಪಿತು.

“ನಿನಗೊಂದು ಹೇಳಬೇಕು ಕಣಪ್ಪಾ. ಆ ಬಾಗಿಲು...”

“ಇಲ್ಲ ಅಂತ ತಾನೆ?” ಅವನು ನಕ್ಕ. “ಆಂಟಿ, ಎಂಟು ವರ್ಷ ಆಡಿದೀನಿ. ಅಲ್ಲಿ ಗೋಡೆ ಇತ್ತು ಅಂತ ನನಗೆ ಗೊತ್ತಿಲ್ವಾ?”

ನಾನು ಒಂದು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.

“ನಾವು ಆಟಗಾರರು ಎಲ್ರೂ ಇದನ್ನ ಮಾಡ್ತೀವಿ. ಪರೀಕ್ಷೆಗೆ ಹೋದಾಗ ಒಂದು ಸುಳ್ಳು ದೂರು ಹೇಳಿ ಬರೋದು. ಇಲ್ಲದ ವಸ್ತುವಿನ ಮೇಲೆ. ‘ಅಂಥದ್ದು ಇಲ್ಲವಲ್ಲಪ್ಪಾ’ ಅಂತ ಅಲ್ಲಿಂದ ಉತ್ತರ ಬಂದ್ರೆ, ಕೇಳ್ತಿದಾರೆ ಅಂತ ಅರ್ಥ. ‘ಸರಿ ಮಾಡಿದೀವಿ’ ಅಂತ ಬಂದ್ರೆ, ಕಳ್ಳರು ಅಂತ ಅರ್ಥ.”

ನಾಚಿಕೆಯಿಂದ ನನ್ನ ತಲೆ ತಗ್ಗಿತು. ನಾವು ಅವರಿಗೆ ಇಲ್ಲದ ರಿಪೇರಿ ಕೊಡುತ್ತಿದ್ದೆವು. ಅವರು ನಮಗೆ ಇಲ್ಲದ ದೂರು ಕೊಡುತ್ತಿದ್ದರು.

“ನಿಮ್ಮ ಪಟ್ಟೀಲಿ ನನ್ನ ಸಾಲು ನೋಡಿ ಬಿದ್ದು ಬಿದ್ದು ನಕ್ಕೆ. ಹುಡುಗರಿಗೆ ತೋರಿಸಿ ಇನ್ನೊಂದಿಷ್ಟು ನಗೋಣ ಅಂತ ಮೂರನೇ ಮಹಡಿಗೆ ಹೋದೆ.” ಅವನ ನಗು ನಿಂತಿತು. “ತೆಗೀತು ಆಂಟಿ.”

ಹೊರಗೆ ಬಸ್ಸೊಂದು ಹಿಂದಕ್ಕೆ ಬರುವ ಸದ್ದು.

“ಒಳಗೆ ಏನಿದೆ?”

“ಒಂದು ಕೋಣೆ. ಒಬ್ರು ಬೆನ್ನು ಹಾಕಿ ಕೂತು ಬರೀತಿರ್ತಾರೆ. ಬೂದು ಸ್ವೆಟರ್. ಕುರ್ಚಿಗೆ ನೀಲಿ ಚೀಲ. ಮೊದಲು ತಮಾಷೆಗೆ ನಿಮ್ಮನ್ನೇ ಆಟದೊಳಗೆ ಹಾಕಿದಾರೆ ಅಂದ್ಕೊಂಡೆ. ಏನು ಹೇಳಿದ್ರೂ ‘ಹೂಂ’ ಅಂತಾರೆ. ಹೇಳಿ ಹೊರಗೆ ಬಂದ್ರೆ ಹಗುರ ಆಗುತ್ತೆ. ಎಲ್ರೂ ಹೋಗೋದು ಅದಕ್ಕೇ.”

“ನೀನೇನು ಹೇಳಿದೆ?”

ಅವನ ಎಡಗೈ ತಾನಾಗಿಯೇ ಹೋಗಿ ಬಲ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಈ ಸಲ ನಾನು ಬಿಡಲಿಲ್ಲ. ಆ ಕೈ ಎಳೆದು ನನ್ನ ಮಡಿಲಲ್ಲಿಟ್ಟುಕೊಂಡೆ. ಕಿರುಬೆರಳು, ಉಂಗುರಬೆರಳು ಐಸಿನಂತೆ ತಣ್ಣಗಿದ್ದವು. ‘ಬೆಳಿಗ್ಗೆ ಎದ್ದಾಗಲೂ ಜುಮ್ ಅನ್ನುತ್ತಾ?’ ಎಂದು ಕೇಳಲು ನಾನು ಇನ್ನೂ ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ಅವನು ಹೇಳಿದ:

“ನಿನ್ನೆ ಮೊದಲ್ನೇ ಸಲ ಅವರು ತಿರುಗಿದ್ರು. ಮುಖ ಸರಿಯಾಗಿ ಕಾಣ್ಲಿಲ್ಲ. ‘ಬೆಳಿಗ್ಗೆ ಎದ್ದಾಗ್ಲೂ ಜುಮ್ ಅನ್ನುತ್ತಾ?’ ಅಂತ ಕೇಳಿದ್ರು.”

ನನ್ನ ಬಾಯಿ ತೆರೆದಂತೆಯೇ ಉಳಿಯಿತು. ಆ ಪ್ರಶ್ನೆ ಇನ್ನೂ ನನ್ನ ನಾಲಿಗೆಯ ಮೇಲಿತ್ತು.

ಆ ತಣ್ಣನೆಯ ಬೆರಳುಗಳನ್ನು ಹಿಡಿದುಕೊಂಡೇ ಕೇಳಿದೆ, “ಅನ್ನುತ್ತಾ?”

“ಹೂಂ.” ಈ ಸಲ ಆ ಮಾತು ಅವನದಾಗಿತ್ತು. “ಬಟ್ಟಲು ಹಿಡಿಯೋಕಾಗಲ್ಲ. ಯಾರಿಗೂ ಹೇಳಿಲ್ಲ. ಹೇಳಿದ್ರೆ ತಂಡದಿಂದ ತೆಗೀತಾರೆ.”

“ತೆಗೀತಾರೆ. ಹೇಳದಿದ್ರೆ ಬೆರಳೇ ಹೋಗುತ್ತೆ. ಬಾಗಿಲು ಸರಿಯಾಯ್ತು ಅಂತ ನಾನು ಬರೆದೆ, ನೀನು ಗೆದ್ದೆ. ಕೈ ಸರಿಯಾಯ್ತು ಅಂತ ಬರೆಯೋಕೆ ನನ್ನ ಕೈಲಿ ಆಗಲ್ಲಪ್ಪಾ.”

ಆ ದೊಡ್ಡ ಆಳು ಮಗುವಿನ ಹಾಗೆ ಅತ್ತ. ಊಟ ಮುಗಿಸಿ ಬಂದ ನಾಯಕನಿಗೆ ಅವನೇ ಹೇಳಿದ. ನಾನು ಪಕ್ಕದಲ್ಲಿ ಕೂತಿದ್ದೆ. ಮಾರನೇ ದಿನ ಡಾಕ್ಟರು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಆರು ತಿಂಗಳು ಮೌಸ್ ಮುಟ್ಟುವಂತಿಲ್ಲ ಎಂದರು. ಮತ್ತೆ ಮೊದಲಿನಂತೆ ಆಡಬಲ್ಲನೇ ಎಂಬುದಕ್ಕೆ ಅವರೂ ‘ನೋಡೋಣ’ ಅಂದರು.

ಭಾನುವಾರ ಮಧ್ಯಾಹ್ನ ಟೂರ್ನಿ. ಕೈಗೆ ಪಟ್ಟಿ ಕಟ್ಟಿಕೊಂಡ ಗುಬ್ಬಿ ಪ್ರೇಕ್ಷಕರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ. ಅವನ ಕುರ್ಚಿಯಲ್ಲಿ ಆರನೆಯವನು ಆಡುತ್ತಿದ್ದ. ಮೂರನೇ ಮಹಡಿಗೆ ಗೇಟು ಬಿದ್ದಿತ್ತು. ಸುಮಾರು ಇಪ್ಪತ್ತು ನಿಮಿಷ ಗುಂಡು, ಕೂಗು, ಚಪ್ಪಾಳೆ ನಡೆದವು.

ಆಮೇಲೆ ಒಬ್ಬ ಗೇಟಿನ ಹತ್ತಿರ ಬಂದು ನಿಂತ. ಅವನ ಹಿಂದೆ ಎದುರು ತಂಡದವನು. ನೋಡನೋಡುತ್ತಿದ್ದಂತೆ ಹತ್ತೂ ಜನ ಬಂದೂಕು ಇಳಿಸಿ ಒಬ್ಬರ ಹಿಂದೊಬ್ಬರು ನಿಂತರು. ಹತ್ತು ಸಾವಿರ ಜನರ ಸಭಾಂಗಣ ತಣ್ಣಗಾಯಿತು. ವೇದಿಕೆಯ ಮೇಲೆ ಹತ್ತು ಕುರ್ಚಿಗಳಲ್ಲಿ ಹತ್ತು ಜನ ಕೈ ಮಡಿಲಲ್ಲಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಿದ್ದರು.

“ಹೇಳ್ಕೋತಿದಾರೆ ಆಂಟಿ,” ಗುಬ್ಬಿ ಪಿಸುಗುಟ್ಟಿದ. “ಬಾಗಿಲು ಕಾಣದಿದ್ರೂ ಹೇಳ್ಕೋತಿದಾರೆ.”

ನಾಲ್ಕು ಸೆಕೆಂಡು. ಆಮೇಲೆ ಏನೂ ಆಗದವರಂತೆ ಚದುರಿ ಮತ್ತೆ ಹೊಡೆದಾಟಕ್ಕಿಳಿದರು. ಜನ ಕೂಗಿದರು.

ನನ್ನ ನಡುಬೆರಳು ಉರಿಯುತ್ತಿತ್ತು. ಕೆಳಗೆ ನೋಡಿದೆ. ಚೀಲದಲ್ಲಿದ್ದ ಪುಸ್ತಕ ನನ್ನ ಮಡಿಲಲ್ಲಿ ತೆರೆದಿತ್ತು, ಪೆನ್ನು ಕೈಯಲ್ಲಿತ್ತು. ಹಾಳೆಯ ಮೇಲೆ ನನ್ನದೇ ಅಕ್ಷರದಲ್ಲಿ ಹತ್ತು ಸಾಲು. ಎಡಗಣ್ಣಿನಲ್ಲಿ ನೊಣ ಹಾರಿದಂತೆ ಕಾಣುತ್ತದೆ. ಮೂರು ತಿಂಗಳಿಂದ ನಿದ್ದೆಯಿಲ್ಲ. ಕುತ್ತಿಗೆ ತಿರುಗುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಗೆದ್ದರೂ ಖುಷಿ ಆಗುತ್ತಿಲ್ಲ. ಬಂದೂಕಿನದಾಗಲಿ ಬಾಗಿಲಿನದಾಗಲಿ ಒಂದು ಮಾತೂ ಇರಲಿಲ್ಲ.

ಸೋಮವಾರ ಆ ಹತ್ತು ಸಾಲುಗಳನ್ನು ಹತ್ತು ಚೀಟಿ ಮಾಡಿ ‘ಆಗುತ್ತೆ’ ಟ್ರೇಯಲ್ಲಿ ಹಾಕಿದೆ. ತಕ್ಕಡಿ ಒಂದೊಂದೇ ಓದಿದ.

“ಇದ್ರಲ್ಲಿ ನಾನೇನು ಸರಿ ಮಾಡ್ಲಿ ದೂರಮ್ಮ? ಇದ್ಯಾವುದೂ ಆಟದ್ದಲ್ಲ.”

“ದಿನಕ್ಕೆ ಹನ್ನೆರಡು ಗಂಟೆ ಆಡೋ ಹಾಗೆ ತೂಗಿಟ್ಟಿರೋದು ಯಾರು?”

ಅವನು ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಹೋದ. ಮೇಲಿನವರೊಂದಿಗೆ ಎಷ್ಟು ಜಗಳವಾಡಿದನೋ ಗೊತ್ತಿಲ್ಲ. ಮುಂದಿನ ಪಟ್ಟಿಯಲ್ಲಿ ಎರಡು ಪಂದ್ಯಗಳ ನಡುವೆ ಇಪ್ಪತ್ತು ನಿಮಿಷದ ಕಡ್ಡಾಯ ಬಿಡುವು ಎಂಬ ಸಾಲಿತ್ತು. ಅದು ನಿಜವಾಗಿಯೂ ಆಟದೊಳಗಿದೆಯೇ ಎಂದು ಮೊದಲು ಪರೀಕ್ಷಿಸಿ, ಆಮೇಲೆ ಬರೆದೆ. ಬೈಗುಳದ ಪತ್ರಗಳು ಮೂಟೆಗಟ್ಟಲೆ ಬಂದವು. ಗುಬ್ಬಿ ಮಾತ್ರ ಎಡಗೈಯಲ್ಲಿ ಟೈಪು ಮಾಡಿ, ‘ಇದು ಹೋಯ್ತು ಆಂಟಿ, ಒಳಕ್ಕೆ’ ಎಂದು ಕಳಿಸಿದ.

ಅವತ್ತು ಸಂಜೆ ತಕ್ಕಡಿ ನನ್ನ ಮೇಜಿಗೆ ಒರಗಿ ನಿಂತ.

“ಮೂರನೇ ಮಹಡಿ ಗೇಟು ಏನ್ ಮಾಡ್ಲಿ? ಇರ್ಲಾ?”

ನಾನು ಬೆರಳಿನ ಗಂಟು ಸವರಿಕೊಂಡೆ.

“ತೆಗಿಯಪ್ಪಾ. ಸರದಿ ಎಷ್ಟು ಉದ್ದ ಆಗಿದೆಯೋ ಏನೋ.”

ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೋಗಿ ಒಂದು ಡಬ್ಬಿ ಪೆನ್ನು ಕೊಂಡೆ. ಅಗ್ಗದ್ದಲ್ಲ, ಒಳ್ಳೆಯದು.